ಊಟದ ಮೇಜು ಒಂದು ಕಡೆ, ದೀಪದ ಪಾಯಿಂಟ್ ಇನ್ನೊಂದು ಕಡೆ!

ಹೊಸದಾಗಿ ಕಟ್ಟಿದ ಯಾವ ಮನೆಗಾದರೂ ಹೋಗಿ ಡೈನಿಂಗ್ ಜಾಗದಲ್ಲಿ ತಲೆ ಎತ್ತಿ ನೋಡಿ. ಪಾಯಿಂಟ್ ನಟ್ಟನಡುವೆ. ಮೇಜು ಮಾತ್ರ ಅಡುಗೆಮನೆಗೆ ಓಡಾಡೋಕೆ ದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು, ಎರಡು ಅಡಿ ಆಚೆ. ಸ್ಲ್ಯಾಬಿಗೆ ಕಂಬಿ ಕಟ್ಟಿ ವಯರಿನ ಪೈಪ್ ಎಳೆಯೋ ದಿನ ಎಲೆಕ್ಟ್ರಿಷಿಯನ್‌ಗಳು ಟೇಪ್ ಹಿಡಿದು ಉದ್ದ ಅಗಲ ಅರ್ಧ ಮಾಡಿ ಬಾಕ್ಸ್ ಕೂರಿಸಿಬಿಡ್ತಾರೆ. "ಮೇಜು ಎಲ್ಲಿ ಬರುತ್ತೆ ಸಾರ್?" ಅಂತ ಒಂದೇ ಒಂದು ಮಾತು ಕೇಳೋರಿಲ್ಲ. ಮನೆ ಕಟ್ಟಿಸುವವರಿಗಂತೂ ಅದನ್ನ ಹೇಳಬೇಕು ಅಂತಲೇ ಗೊತ್ತಿರಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಮುಗೀತು. ಆಮೇಲೆ ದೀಪಕ್ಕೋಸ್ಕರ ಸ್ಲ್ಯಾಬಿನ ತಳ ಕೆತ್ತೋಕೆ ಬರ್ತಾರಲ್ಲ, ದಯವಿಟ್ಟು ಕೆತ್ತಿಸಬೇಡಿ. ಕಂಬಿ ಮೇಲಿನ ಕಾಂಕ್ರೀಟ್ ಹೊದಿಕೆ ಇರೋದೇ ಸುಮಾರು 20 ಮಿಮೀ. ಅದು ಹೋದರೆ ತುಕ್ಕಿಗೆ ನೀವೇ ಬಾಗಿಲು ತೆಗೆದ ಹಾಗೆ.

ಸರಿ, ನಡುವೆ ಇರೋ ಪಾಯಿಂಟಿಗೆ ಫ್ಯಾನ್ ಬಂತು. ಪಕ್ಕದಲ್ಲೇ ಬಿದಿರಿನ ಹಗುರ ಶೇಡ್ ತೂಗುಹಾಕ್ತಾರೆ. 1200 ಮಿಮೀ ಫ್ಯಾನಿನ ರೆಕ್ಕೆ ನಡುವಿನಿಂದ 60 ಸೆಂಮೀ ಚಾಚಿರುತ್ತೆ, ಗಾಳಿಗೆ ಶೇಡ್ ಉಯ್ಯಾಲೆ ಆಡುತ್ತೆ, ತಟ್ಟೆ ಮೇಲೆ ನೆರಳೂ ಆಡುತ್ತೆ. ಬಂಗುಡೆ ಮುಳ್ಳು ಬಿಡಿಸೋದು ಹೇಗೆ ಆ ಬೆಳಕಲ್ಲಿ? ಫ್ಯಾನಿನ ನಡುವಿನಿಂದ ಒಂದು ಮೀಟರಾದರೂ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ವಯರಿನ ಬದಲು ಗಟ್ಟಿ ರಾಡಿನಲ್ಲಿ ಇಳಿಯೋ ದೀಪ ತನ್ನಿ, ಇಲ್ಲವೇ ಊಟದ ಜಾಗಕ್ಕೆ ಗೋಡೆ ಫ್ಯಾನ್ ಹಾಕಿ.

ಎತ್ತರದ ವಿಷಯ ಎತ್ತಿದರೇ ಸಿಟ್ಟು ಬರುತ್ತೆ. ತಲೆಗೆ ತಗಲುತ್ತೆ ಅಂತ ದೀಪವನ್ನ ನೆಲದಿಂದ ಆರೂವರೆ ಅಡಿ ಮೇಲೆ ಕಟ್ಟಿಬಿಡ್ತಾರೆ. ಕೆಳಗಿರೋದು ಮೇಜು ಸ್ವಾಮಿ, ಅಲ್ಲಿ ಯಾರೂ ನಡೆಯಲ್ಲ! ಮೇಜಿನ ಹಲಗೆಯಿಂದ ಶೇಡಿನ ಕೆಳ ಅಂಚಿಗೆ 75ರಿಂದ 90 ಸೆಂಮೀ, ಅಷ್ಟೇ. ಅದಕ್ಕಿಂತ ಮೇಲೇರಿದರೆ ಕೂತವರ ಕಣ್ಣಿಗೆ ಬಲ್ಬ್ ನೇರ ಚುಚ್ಚುತ್ತೆ, ತಟ್ಟೆಗೆ ಬೆಳಕು ಸಾಲಲ್ಲ. ಶೇಡಿನ ಅಗಲ ಮೇಜಿನ ಅಗಲದ ಅರ್ಧದಿಂದ ಮೂರನೇ ಎರಡು ಭಾಗ. ಎರಡೂವರೆ ಅಡಿ ಅಗಲದ ನಾಲ್ಕು ಜನರ ಮೇಜಿಗೆ 40ರಿಂದ 50 ಸೆಂಮೀ ಒಂದೇ ಶೇಡ್ ಸಾಕು. ಆರಡಿ ಮೇಜಾದರೆ ಚಿಕ್ಕವು ಎರಡು, ನಡುವೆ 60–75 ಸೆಂಮೀ ಬಿಟ್ಟು.

ಬಲ್ಬ್ ಅಂತೂ ಕೇಳಲೇಬೇಡಿ. ಕೇಳದೇ ಇದ್ದರೂ ಕೈಗೆ ಬರೋದು 6500 ಕೆಲ್ವಿನ್ನಿನ ಬಿಳಿ ಬಲ್ಬ್. ಹುಳಿಯ ಬಣ್ಣ ಸತ್ತುಹೋಗುತ್ತೆ, ಮಾವಿನಕಾಯಿ ಉಪ್ಪಿನಕಾಯಿ ಬೂದಿ ಬಳಿದ ಹಾಗೆ ಕಾಣುತ್ತೆ. ಡಬ್ಬಿ ಮೇಲೆ 2700 ಅಥವಾ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು), ಸಿಆರ್‌ಐ 90 (ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋ ಅಂಕ) ಅಂತ ಇದೆಯಾ ನೋಡಿ ತಗೊಳ್ಳಿ. ನಾಲ್ಕು ಜನರ ಮೇಜಿಗೆ 800ರಿಂದ 1000 ಲ್ಯೂಮೆನ್ ಬೆಳಕು, ಅಂದರೆ 9 ವ್ಯಾಟಿನ ಒಂದು ಎಲ್‌ಇಡಿ. ಇನ್ನೊಂದು ಮೋಸ ಹೋಲ್ಡರಿನದು. ಆನ್‌ಲೈನಲ್ಲಿ ಬರೋ ದೀಪಗಳಲ್ಲಿ ಬಹುಪಾಲು ತಿರುಪಿನ ಇ27, ಮನೆಯಲ್ಲಿರೋ ಬಲ್ಬ್ ಪಿನ್ನಿನ ಬಿ22. ಅಡಾಪ್ಟರ್ ಸಿಕ್ಕಿಸಿದರೆ ಬಲ್ಬ್ ಮೂರು ಸೆಂಮೀ ಕೆಳಗಿಳಿದು ಶೇಡಿನಿಂದ ಮೂತಿ ಹೊರಹಾಕುತ್ತೆ. ಶೇಡ್ ಯಾಕೆ ಕೊಂಡಿದ್ದು ಹಾಗಾದ್ರೆ? ಹೋಲ್ಡರಿಗೆ ಸರಿಯಾದ ಬಲ್ಬೇ ತನ್ನಿ. ಪೂರ್ತಿ ಮುಚ್ಚಿದ ಗಾಜಿನ ಗೋಳವನ್ನಂತೂ ತರಲೇಬೇಡಿ. ಬಿಸಿ ಒಳಗೇ ನಿಂತು ಎಲ್‌ಇಡಿಗೆ ಕರೆಂಟ್ ಹೊಂದಿಸೋ ಡ್ರೈವರ್ ಬೇಗ ಸಾಯುತ್ತೆ.

ಎಲ್ಲಕ್ಕಿಂತ ಹೊಟ್ಟೆ ಉರಿಸೋದು ಜೋಡಣೆ. ಎರಡು ಕಿಲೋ ಹಿತ್ತಾಳೆ ಶೇಡಿನ ಭಾರವನ್ನ ಹೋಲ್ಡರಿನ ಎರಡು ಪುಟ್ಟ ಸ್ಕ್ರೂಗಳ ಮೇಲೆ ಬಿಡ್ತಾರೆ. ವಯರ್ ಕೆಲಸ ಕರೆಂಟ್ ಒಯ್ಯೋದು, ಭಾರ ಹೊರೋದಲ್ಲ. ಭಾರಕ್ಕೆ ಬೇರೆ ಸ್ಟೀಲ್ ಕೇಬಲ್ ಇರಬೇಕು, ಮೇಲೂ ಕೆಳಗೂ ವಯರನ್ನ ಜಾರದ ಹಾಗೆ ಹಿಡಿಯೋ ಕಾರ್ಡ್ ಗ್ರಿಪ್ ಇರಬೇಕು. ಲೋಹದ ಶೇಡಿನ ತೂತಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ಅಂಚು ವಯರಿನ ಸಿಪ್ಪೆ ಕತ್ತರಿಸಿ ಶೇಡಿಗೇ ಕರೆಂಟ್ ಬರುತ್ತೆ. ಅದಕ್ಕೇ 0.75 ಚದರ ಮಿಮೀ ಮೂರು ಎಳೆ ವಯರ್, ಅದರ ಹಸಿರು ಅರ್ತ್ ಎಳೆ ಶೇಡಿಗೆ ಕಚ್ಚಲೇಬೇಕು. "ಲೈಟ್ ಪಾಯಿಂಟಿಗೆ ಅರ್ತ್ ಯಾಕೆ ಸಾರ್" ಅಂದವರ ಕೈಯಲ್ಲಿ ಲೋಹದ ದೀಪ ಹಾಕಿಸಬೇಡಿ. ಫಾಲ್ಸ್ ಸೀಲಿಂಗಿನ 12.5 ಮಿಮೀ ಜಿಪ್ಸಮ್ ಹಲಗೆಗೆ ಸೀದಾ ಸ್ಕ್ರೂ ಹೊಡೆಯೋದೂ ಅಷ್ಟೇ ತಪ್ಪು. ಭಾರ ಸ್ಲ್ಯಾಬಿನೊಳಗೆ ಬಿಗಿದ ಆ್ಯಂಕರ್ ಬೋಲ್ಟಿಗೆ ಹೋಗಬೇಕು, ಇಲ್ಲವೇ ಹಲಗೆ ಮುಚ್ಚೋ ಮೊದಲೇ ಸೀಲಿಂಗಿನ ಲೋಹದ ಚಾನೆಲ್ಲಿಗೆ ಪ್ಲೈವುಡ್ ಬಿಗಿದಿರಬೇಕು.

ಪಾಯಿಂಟ್ ಈಗಾಗಲೇ ತಪ್ಪಿದ್ದರೆ ಒಂದು ದಾರಿ ಇದೆ. ಸೂರಿನಿಂದ ತೂಕದ ದಾರ ಇಳಿಬಿಟ್ಟು, ಅದು ಮೇಜಿನ ನಡುವಿಗೆ ಬರೋ ಜಾಗವನ್ನ ಸೂರಿನಲ್ಲಿ ಗುರುತು ಮಾಡಿ. ಒಳಗಿನ ಪೈಪ್ ಬಾಕ್ಸಿನಿಂದ ಯಾವ ಕಡೆ ಹೋಗಿದೆ ನೋಡಿಕೊಂಡು, ಅದನ್ನ ತಪ್ಪಿಸಿ ತೂತು ಕೊರೆದು ಆ್ಯಂಕರ್ ಕೊಕ್ಕೆ ಹಾಕಿ. ಹಳೆ ಪಾಯಿಂಟಿನಿಂದ ಬಟ್ಟೆ ಹೊದಿಸಿದ ಉದ್ದ ವಯರನ್ನ ಸ್ವಲ್ಪ ಸಡಿಲವಾಗಿ ಕೊಕ್ಕೆಗೆ ತಂದು ಅಲ್ಲಿಂದ ಇಳಿಸಿ. ಆ ವಯರ್ ಫ್ಯಾನಿನ ರೆಕ್ಕೆಯ ಸುತ್ತಳತೆಯೊಳಗೆ ಜೋತು ಬೀಳದ ಹಾಗೆ ಸೂರಿಗೆ ಕ್ಲಿಪ್ ಹೊಡೆಯೋದು ಮರೀಬೇಡಿ. ಸ್ಲ್ಯಾಬ್ ಇನ್ನೂ ಹಾಕಿಲ್ಲದವರು ನಾಳೆಯೇ ಸೆಂಟ್ರಿಂಗ್ ಮೇಲೆ ಹತ್ತಿ, ಮೇಜಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಫ್ಯಾನಿಗೊಂದು ದೀಪಕ್ಕೊಂದು ಬೇರೆ ಬೇರೆ ಬಾಕ್ಸ್ ಹಾಕಿಸಿ, ಕಾಂಕ್ರೀಟ್ ಬೀಳೋವರೆಗೂ ಅಲ್ಲೇ ನಿಂತಿರಿ.