ಪರ-ವಿರೋಧ: ಚೆಸ್ಟರ್ ಇಲ್ಲದ ಬ್ಯಾಂಡಿಗೆ ಲಿಂಕಿನ್ ಪಾರ್ಕ್ ಅನ್ನೋ ಹೆಸರು ಬೇಕಿತ್ತಾ?

ಪರ

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್, ತೀರಿಕೊಂಡ ಗಾಯಕ ಚೆಸ್ಟರ್ ಬೆನಿಂಗ್ಟನ್ ಜಾಗಕ್ಕೆ ಎಮಿಲಿ ಆರ್ಮ್‌ಸ್ಟ್ರಾಂಗ್ ಅವರನ್ನು ತಂದು, ಹಳೆ ಹೆಸರಲ್ಲೇ ವಾಪಸ್ ಬಂದಿದೆ. 2024ರ ನವೆಂಬರ್ 15ಕ್ಕೆ ಬಂದ ಆಲ್ಬಮ್ಮಿನ ಹೆಸರು 'ಫ್ರಮ್ ಜೀರೋ'. ಸೊನ್ನೆಯಿಂದ ಶುರು ಅಂತ ಎಲ್ಲರೂ ಅರ್ಥ ಮಾಡಿಕೊಂಡರು. ಸರಿಯೇ. ಆದರೆ ಈ ಬ್ಯಾಂಡಿನ ಮೊದಲ ಹೆಸರೂ 'ಜೀರೋ'ನೇ, ಎಕ್ಸ್ ಅಕ್ಷರ ಹಾಕಿ ಬರೆಯುತ್ತಿದ್ದರು. ಆಗ ಹಾಡುತ್ತಿದ್ದವರು ಮಾರ್ಕ್ ವೇಕ್‌ಫೀಲ್ಡ್. ಅವರು ಬಿಟ್ಟ ಜಾಗಕ್ಕೆ 1999ರಲ್ಲಿ ಬಂದವರು ಚೆಸ್ಟರ್ ಬೆನಿಂಗ್ಟನ್. ಅಂದರೆ ನೀವು ಎದೆಗೆ ಅಪ್ಪಿಕೊಂಡ ಚೆಸ್ಟರ್ ಕೂಡ ಬದಲಿಗೆ ಬಂದವರೇ ಅಲ್ವಾ?

2017ರ ಜುಲೈನಲ್ಲಿ ಅವರು ಹೋದಾಗ ನಾನೂ ಅತ್ತಿದ್ದೇನೆ. ಹೊಸ ಆಲ್ಬಮ್ ಬರುವಷ್ಟರಲ್ಲಿ ಏಳು ವರ್ಷ ಆಗಿತ್ತು. ಇನ್ನೆಷ್ಟು ದಿನ ಸೂತಕ? ಎಸಿ/ಡಿಸಿ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ತೀರಿಕೊಂಡಿದ್ದು 1980ರ ಫೆಬ್ರವರಿಯಲ್ಲಿ. ಅದೇ ಜುಲೈಗೆ ಬ್ರಯಾನ್ ಜಾನ್ಸನ್ ದನಿಯಲ್ಲಿ ಆಲ್ಬಮ್ ಬಂದಿತ್ತು. ಅಷ್ಟು ದೂರ ಯಾಕೆ? ಪಿ.ಬಿ. ಶ್ರೀನಿವಾಸ್ ದನಿಯಲ್ಲೇ ಅಣ್ಣಾವ್ರನ್ನು ಕೇಳಿ ಬೆಳೆದವರು, 1974ರಲ್ಲಿ ಅವರು ಎಮ್ಮೆ ಮೇಲೆ ಕೂತು ತಾವೇ ಹಾಡಿದಾಗ ಎದ್ದು ಹೋದರಾ?

"ಇವಳು ಚೆಸ್ಟರ್ ಥರ ಹಾಡಲ್ಲ" ಅನ್ನುತ್ತಾರೆ. ಹಾಡಬೇಕಾಗೂ ಇಲ್ಲ. 'ಹೆವಿ ಈಸ್ ದ ಕ್ರೌನ್' ಹಾಡಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ 15 ಸೆಕೆಂಡಿಗೂ ಜಾಸ್ತಿ ಹೊತ್ತು ಕಿರುಚುತ್ತಾರೆ. ಹೆಡ್‌ಫೋನ್ ಹಾಕಿ ಕೇಳಿ. ನಮಗೇ ಉಸಿರು ಕಟ್ಟುತ್ತದೆ.

ನನಗೆ ಇದು ಇಷ್ಟು ತಾಗೋದಕ್ಕೆ ಕಾರಣ ಇದೆ. ಇಂಜಿನಿಯರಿಂಗ್ ಓದುವಾಗ ನಮ್ಮ ಕಾಲೇಜಲ್ಲೊಂದು ಬ್ಯಾಂಡ್ ಇತ್ತು. ಬರೀ ಲಿಂಕಿನ್ ಪಾರ್ಕ್ ಹಾಡುಗಳೇ. ಫೆಸ್ಟ್ ಹಿಂದಿನ ದಿನ ಹಾಡುವವನ ಗಂಟಲು ಕಟ್ಟಿತು. ನನಗೆ ಎಲ್ಲ ಹಾಡೂ ಬಾಯಿಪಾಠ. ಹಾಸ್ಟೆಲ್ ಬಾತ್‌ರೂಮಲ್ಲಿ ಬಕೆಟ್‌ಗೆ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಕಿರುಚಿ ಕಿರುಚಿ ಕಲಿತಿದ್ದೆ. ನಾನು ಹಾಡ್ತೀನಿ ಅಂದೆ. ಡ್ರಮ್ಮರ್ ಕೈಯಲ್ಲಿದ್ದ ಕಡ್ಡಿ ತಿರುಗಿಸುತ್ತ, "ನೀನು ಬೇಕಾದ್ರೆ ಪ್ರಾರ್ಥನೆ ಹಾಡು" ಅಂದ. ಅದನ್ನೂ ಹಾಡಿದೆ, ಅಮ್ಮನ ರೇಷ್ಮೆ ಸೀರೆ ಉಟ್ಟುಕೊಂಡು. ಸಂಜೆ ಅವರು ಬರೀ ಗಿಟಾರು, ಡ್ರಮ್ಮು ಬಾರಿಸಿ ಇಳಿದರು. ನಡುವಲ್ಲಿ ಮೈಕು ಸುಮ್ನೆ ನಿಂತಿತ್ತು.

ಚೆಸ್ಟರ್ ಜಾಗ ಖಾಲಿ ಬಿಡಬೇಕಿತ್ತು ಅನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಮೈಕೇ ಕಾಣುತ್ತದೆ. ಹೆಸರು, ಗೌರವ ಎಲ್ಲ ನೆಪ. ಹುಡುಗಿ ಕಿರುಚೋದು ಇವರಿಗೆ ಆಗಲ್ಲ, ಅಷ್ಟೇ.

ವಿರೋಧ

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಎಮಿಲಿ ದನಿ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬೋರ್ಡಿನದು. ಭಟ್ಟರು ಬದಲಾದ ಮೇಲೂ ಬೋರ್ಡು ಹಳೆಯದೇ ಇದ್ದರೆ ನಾಲಿಗೆ ಹಳೆ ಸಾಂಬಾರನ್ನೇ ಹುಡುಕುತ್ತದೆ.

ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡಿದ್ದೂ 1980ರಲ್ಲೇ. ಅವರ ಬ್ಯಾಂಡ್ ಜಾಯ್ ಡಿವಿಷನ್‌ನಲ್ಲಿ ಉಳಿದ ಮೂವರು ನ್ಯೂ ಆರ್ಡರ್ ಅಂತ ಹೊಸ ಹೆಸರಿಟ್ಟುಕೊಂಡರು. ಇಲ್ಲಿ ಡ್ರಮ್ಮರ್ ರಾಬ್ ಬೋರ್ಡನ್ ಕೂಡ ವಾಪಸ್ ಬಂದಿಲ್ಲ, ಕಾಲಿನ್ ಬ್ರಿಟನ್ ಬಂದಿದ್ದಾರೆ. ಗಿಟಾರಿನ ಬ್ರ್ಯಾಡ್ ಡೆಲ್ಸನ್ ಸ್ಟುಡಿಯೋಗೆ ಬರುತ್ತಾರೆ, ಟೂರಿಗೆ ಬರಲ್ಲ. ಅಣ್ಣಾವ್ರ ಉದಾಹರಣೆ ಬೇಡ. ಅವರ ಬಾಯಿಗೆ ಅವರದೇ ದನಿ ಬಂತು, ಇಲ್ಲಿ ಆಗಿದ್ದು ಅದರ ಉಲ್ಟಾ. ಇನ್ನು ವೇಕ್‌ಫೀಲ್ಡ್ ಹಾಡಿದ್ದನ್ನು ಕೇಳಿದವರು ಎಷ್ಟು ಜನ ಇದ್ದಾರೆ, ಬಿಡಿ.

ಏಳು ವರ್ಷ ಕಾಯಿಸಿ ಕೊಟ್ಟಿದ್ದು 11 ಟ್ರ್ಯಾಕ್, ಹೆಚ್ಚುಕಡಿಮೆ 32 ನಿಮಿಷ. ಮೊದಲನೆಯದು ಅರ್ಧ ನಿಮಿಷವೂ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ಮುಗಿದು ಇನ್ನೊಂದು ಸಲ ಶುರುವಾಗಿತ್ತು. 'ಟೂ ಫೇಸ್ಡ್' ಹಾಡನ್ನು 2003ರ ಅವರದೇ ಹಳೆ ಆಲ್ಬಮ್ 'ಮೀಟಿಯೋರಾ'ದಲ್ಲಿ ತುರುಕಿದ್ದರೂ ಗೊತ್ತಾಗುತ್ತಿರಲಿಲ್ಲ. ಇದು ಹೊಗಳಿಕೆಯೋ ತೆಗಳಿಕೆಯೋ ನನಗೇ ಸರಿಯಾಗಿ ತಿಳಿಯದು. ವಿರೋಧದ ಕಡೆ ಕೂತಿರುವುದರಿಂದ ತೆಗಳಿಕೆ ಅಂತಲೇ ಇಟ್ಟುಕೊಳ್ಳಿ. ಆ ಹಾಡನ್ನು ದಿನಾ ಕೇಳುತ್ತೇನೆ, ಅದು ಬೇರೆ ವಿಷಯ.

ಮೊನ್ನೆ ಕಾರಲ್ಲಿ ಮಗಳು 'ಓವರ್ ಈಚ್ ಅದರ್' ಹಾಕಿದಳು. ಇದು ಯಾವ ಬ್ಯಾಂಡು ಗೊತ್ತಾ ಅಂತ ಕೇಳಿದೆ.

"ಎಮಿಲಿದು" ಅಂದಳು.

ನಾನು ಹೇಳುತ್ತಿರುವುದೂ ಅದನ್ನೇ.