ನೀಲಿ ಬೋರ್ಡಿನ ಪುರಾಣ

ಹಂಪಿಯಲ್ಲಿ ಜನ ಅತಿ ಹೆಚ್ಚು ಓದುವ ಬರಹ ಯಾವುದು? ಶಾಸನವಂತೂ ಅಲ್ಲ, ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸನ ಪ್ರವಾಸಕಥನವೂ ಅಲ್ಲ. ಅದು ಪುರಾತತ್ವ ಇಲಾಖೆ ಸ್ಮಾರಕಗಳ ಮುಂದೆ ನೆಡುವ ನೀಲಿ ಬೋರ್ಡು. 1958ರ ಕಾಯಿದೆಯ ಪ್ರಕಾರ ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಇದನ್ನು ಕೆಡವಿದರೆ, ಕೆತ್ತಿದರೆ, ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮುಗಿಯಿತು. ಮನೆಗೆ ಬಂದ ಅತಿಥಿಗೆ ನೀರು ಕೊಡುವ ಮೊದಲು ದಂಡಸಂಹಿತೆ ಓದಿ ಹೇಳುವ ಸಂಪ್ರದಾಯ ಜಗತ್ತಿನಲ್ಲಿ ಇನ್ನೆಲ್ಲೂ ಇರಲಾರದು. 2010ರ ತಿದ್ದುಪಡಿಗೆ ಮುಂಚೆ ದರ ಅಗ್ಗವಿತ್ತು: ಮೂರು ತಿಂಗಳು, 5,000 ರೂಪಾಯಿ. ಅಷ್ಟು ವರ್ಷಗಳಲ್ಲಿ ಬೋರ್ಡಿನ ಮೇಲೆ ಪರಿಷ್ಕರಣೆಗೊಂಡ ಮಾಹಿತಿ ಏನಾದರೂ ಇದ್ದರೆ ಅದು ಈ ರೇಟು ಒಂದೇ.

ಕಾನೂನು ಬೇಡವೆಂದಲ್ಲ. 2019ರಲ್ಲಿ ಆನೆ ಲಾಯದ ಹಿಂದಿನ ವಿಷ್ಣು ದೇವಾಲಯದ ಕಂಬವನ್ನು ನೂಕಿ ಬೀಳಿಸಿ ವಿಡಿಯೊ ಮಾಡಿಕೊಂಡ ಹುಡುಗರ ಕತೆ ನೆನಪಿದೆಯಲ್ಲ. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಜೊತೆಗೆ ಬಿದ್ದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಹಗ್ಗ ಹಿಡಿದು ಬೆವರುತ್ತ ನಿಂತಾಗ ಗಾರೆಯಿಲ್ಲದೆ, ಬರೀ ಭಾರದ ಲೆಕ್ಕಾಚಾರದಲ್ಲಿ ನಿಲ್ಲುವ ಕಂಬ ಎಂದರೆ ಏನೆಂದು ಅವರಿಗೆ ಗೊತ್ತಾಗಿರಬೇಕು. ಹಂಪಿಯ ವಾಸ್ತುವನ್ನು ಪ್ರವಾಸಿಗರಿಗೆ ಇಷ್ಟು ಚೆನ್ನಾಗಿ ಅರ್ಥ ಮಾಡಿಸಿದ ಕಾರ್ಯಕ್ರಮ ಇನ್ನೊಂದು ನಡೆದಿಲ್ಲ. ಅದನ್ನು ಏರ್ಪಡಿಸಿದ್ದು ಪುರಾತತ್ವ ಇಲಾಖೆಯಲ್ಲ, ಪ್ರವಾಸೋದ್ಯಮ ಇಲಾಖೆಯೂ ಅಲ್ಲ, ಮ್ಯಾಜಿಸ್ಟ್ರೇಟರು.

ನೀಲಿ ಬೋರ್ಡಿನ ಪಕ್ಕದಲ್ಲಿ ಎರಡನೆಯದೊಂದು ಇರುತ್ತದೆ, ಅದು ವಿದ್ವಾಂಸ. ಪೂರ್ವಾಭಿಮುಖವಾಗಿರುವ ಈ ದೇವಾಲಯವು ಗರ್ಭಗೃಹ, ಅಂತರಾಳ, ಅರ್ಧಮಂಟಪ ಮತ್ತು ಮಹಾಮಂಟಪಗಳನ್ನು ಒಳಗೊಂಡಿದ್ದು ದ್ರಾವಿಡ ಶೈಲಿಯಲ್ಲಿದೆ. ಎದುರಿಗೆ ಗುಡಿಯೇ ನಿಂತಿರುವಾಗ ಅದು ಪೂರ್ವಕ್ಕೆ ಮುಖ ಮಾಡಿದೆ ಎಂದು ತಿಳಿಯಲು ಬೋರ್ಡು ಬೇಕೆ? ಇಲ್ಲಿ ಯಾರು ಬರುತ್ತಿದ್ದರು, ಏನು ಮಾರುತ್ತಿದ್ದರು, ಈ ಗೋಡೆಯ ಮೇಲಿನ ಗಾರೆ ಎಲ್ಲಿ ಹೋಯಿತು, ಆ ಮೂಲೆಯಲ್ಲಿ ಕಲ್ಲು ಸುಟ್ಟಂತೆ ಕಾಣುವುದು ಯಾಕೆ, ಒಂದಕ್ಕೂ ಉತ್ತರವಿಲ್ಲ. ಕನ್ನಡ ಪಠ್ಯವಂತೂ ಇಂಗ್ಲಿಷ್‌ನಿಂದ ಇಳಿದುಬಂದು ಏದುಸಿರು ಬಿಡುತ್ತಿರುತ್ತದೆ.

ಬೋರ್ಡು ಮಾಡುವುದೇನು ಬ್ರಹ್ಮವಿದ್ಯೆಯಲ್ಲ. ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರಕ್ಕೆ, ಓರೆಯಾಗಿ ಮಲಗಿಸಿದರೆ ನಿಂತವರೂ ಓದುತ್ತಾರೆ, ಗಾಲಿಕುರ್ಚಿಯವರೂ ಓದುತ್ತಾರೆ, ಹಿಂದಿರುವ ಸ್ಮಾರಕವೂ ಮರೆಯಾಗುವುದಿಲ್ಲ. ಒಂದು ಬೋರ್ಡಿಗೆ ನೂರು ಪದ ಸಾಕು, ಅಕ್ಷರ 24 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕೂರುತ್ತದೆ. ನಾವು ಮಾಡುವುದು ಹೀಗೆ: ಆರಡಿ ಎತ್ತರದ ಕಪ್ಪು ಗ್ರಾನೈಟು, ಕನ್ನಡಿಯಂತೆ ಪಾಲಿಶು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಮಧ್ಯಾಹ್ನ ಹನ್ನೆರಡಕ್ಕೆ ಅದರಲ್ಲಿ ವಿಜಯನಗರದ ಇತಿಹಾಸ ಕಾಣುವುದಿಲ್ಲ, ನಿಮ್ಮ ಮುಖ ಕಾಣುತ್ತದೆ. ಗ್ರಾನೈಟಿಗೆ ದುಡ್ಡಿಲ್ಲದ ಕಡೆ ಫ್ಲೆಕ್ಸ್. ಬಳ್ಳಾರಿ ಸೀಮೆಯ ಬಿಸಿಲಿಗೆ ಮುದ್ರಣದ ಕೆಂಪು, ಹಳದಿ ಮೊದಲು ಹಾರಿಹೋಗುತ್ತವೆ, ಕೊನೆಗೆ ಉಳಿಯುವುದು ನೀಲಿ. ಹಾಗಾಗಿ ಎರಡು ಬೇಸಿಗೆ ಕಳೆಯುವುದರೊಳಗೆ ಕೃಷ್ಣದೇವರಾಯ ಹೆಸರಿಗೆ ತಕ್ಕ ಮೈಬಣ್ಣ ಪಡೆಯುತ್ತಾನೆ.

ಇನ್ನು ಅದನ್ನು ನೆಡುವ ಕ್ರಮ. ಎರಡಡಿ ಗುಂಡಿ, ಜಲ್ಲಿ, ಸಿಮೆಂಟು. ಹಂಪಿಯಲ್ಲಿ ಹಳೆಯ ನೆಲಗಟ್ಟು, ಗಾರೆ, ಮಡಕೆಚೂರು ಎಷ್ಟೋ ಕಡೆ ಎರಡಡಿಯೊಳಗೇ ಸಿಗುತ್ತವೆ. ಇಲ್ಲಿ ಅಗೆದರೆ ಜೈಲು ಎಂದು ಹೇಳುವ ಬೋರ್ಡನ್ನು ನಿಲ್ಲಿಸಲು ಮೊದಲು ಅಲ್ಲೇ ಅಗೆಯಬೇಕು. ನೆಲದ ಮೇಲೆ ಭಾರದಿಂದ ಕೂರುವ, ನಾಳೆ ಬೇಡವೆಂದರೆ ಎತ್ತಿಡಬಹುದಾದ ಪೀಠ ಮಾಡಿಸಿದರೆ ಇದಾವುದೂ ಬೇಡ. ಆದರೆ ಎತ್ತಿಡಬಹುದಾದ ವಸ್ತುವಿಗೆ ಬಿಲ್ಲು ಅಷ್ಟು ಚೆಂದ ಆಗುವುದಿಲ್ಲವೇನೋ.

ತಮಾಷೆಯೆಂದರೆ ಫಲಕ ಬರೆಯುವ ಕಲೆ ಈ ಊರಿಗೆ ಹೊಸದೇನಲ್ಲ. 1980ರ ದಶಕದಲ್ಲಿ ರಾಜಪ್ರಾಂಗಣದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಬಳಪದ ಕಲ್ಲುಗಳನ್ನು ಬಗ್ಗಿ ನೋಡಿ. ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಕಲ್ಲು ಎಂಬ ಗುರುತನ್ನು ಕಲ್ಲುಕುಟಿಗ ಚುಟುಕಾಗಿ ಕೊರೆದಿದ್ದಾನೆ. ಬೇರೆ ಕಡೆ ಕಡಿದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ. ಓದಬೇಕಾದವನಿಗೆ ಬೇಕಾದಷ್ಟೇ ಮಾಹಿತಿ, ಅವನಿಗೆ ಬೇಕಾದ ಜಾಗದಲ್ಲೇ. ಇಂಥವನು ಇಂದು ಟೆಂಡರ್ ಹಾಕಿದರೆ ತಾಂತ್ರಿಕ ಬಿಡ್‌ನಲ್ಲೇ ಔಟ್.

ಹೇಳುವವರು ಹೇಳದಿದ್ದರೆ ಕತೆ ತನ್ನಷ್ಟಕ್ಕೆ ಹುಟ್ಟುತ್ತದೆ. ಹಂಪಿಯಲ್ಲಿ ಹುಟ್ಟಿದ್ದು ರಾಣಿಯರು. ಎಲ್ಲಿ ನೋಡಿದರಲ್ಲಿ ರಾಣಿಯರು. ರಾಣಿ ಸ್ನಾನಗೃಹ, ರಾಣಿ ವಾಸ, ರಾಣಿಯರು ಗಾಳಿಗೆ ಕೂರುತ್ತಿದ್ದ ಕಮಲ ಮಹಲು. ರಾಣಿಯರ ಆವರಣದ ಗೋಡೆಗೆ ಆತುಕೊಂಡಂತೆ ಹನ್ನೊಂದು ಅಂಕಣಗಳ ಆನೆ ಲಾಯ. ಸೊಂಡಿಲು, ಲದ್ದಿ, ಮಾವುತರ ಕೂಗು, ಇವುಗಳ ಪಕ್ಕದಲ್ಲಿ ಅಂತಃಪುರ ಕಟ್ಟಿಸಿದ ರಾಜನ ರಸಿಕತೆಯನ್ನು ಮೆಚ್ಚಲೇಬೇಕು. ಸ್ನಾನಗೃಹವೋ, ಆ ಅಂತಃಪುರದಿಂದ ದೂರ, ಕೋಟೆಗೋಡೆಗಳಾಚೆ, ದಾರಿಯ ಬದಿಯಲ್ಲಿದೆ. ಮಹಾರಾಣಿ ದಿನಾ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಮಲಾಪುರದ ಕಡೆ ನಡೆಯುತ್ತಿದ್ದಳೆಂದು ತಿಳಿಯೋಣವೇ?

ಬ್ರಿಟಿಷ್ ಸರ್ವೇ ಅಧಿಕಾರಿ ಕರ್ನಲ್ ಮೆಕೆಂಜಿಯ ಕಾಲದ ನಕ್ಷೆಯಲ್ಲಿ ಇದೇ ಕಮಲ ಮಹಲು ಮಂತ್ರಾಲೋಚನೆಯ ಸಭಾಗೃಹವೆಂದು ದಾಖಲಾಗಿತ್ತು. ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್, ಎಂ.ಎಸ್. ನಾಗರಾಜರಾವ್ ಅಂಥ ವಿದ್ವಾಂಸರು 1980ರಿಂದ ಈಚೆಗೆ ಗೋಡೆ ಗೋಡೆ ಅಳೆದು, ಈ ಅಂತಃಪುರದ ಕತೆಯ ಕೆಳಗೆ ಆಧಾರ ತೆಳುವಾಗಿದೆ ಎಂದು ತೋರಿಸಿ ನಾಲ್ಕು ದಶಕವಾಯಿತು. ಬೋರ್ಡಿಗೆ ಸುದ್ದಿ ಇನ್ನೂ ತಲುಪಿಲ್ಲ. ಗೈಡುಗಳನ್ನು ಬೈಯುವುದು ಸುಲಭ. ಅವರಿಗೆ ತರಬೇತಿಯಲ್ಲಿ ಕೊಟ್ಟದ್ದು ರಾಜರ ಹೆಸರು, ಇಸವಿಗಳ ಪಟ್ಟಿ. ಬಿಸಿಲಲ್ಲಿ ನಿಂತ ಕುಟುಂಬವನ್ನು ಇಸವಿಯಿಂದ ಹಿಡಿದಿಡಲಾಗದು, ರಾಣಿಯಿಂದ ಹಿಡಿದಿಡಬಹುದು. ಇದು ಯಾಕೆ ಅಂತಃಪುರ ಅಲ್ಲದಿರಬಹುದು, ನೀವೇ ನೋಡಿ ಹೇಳಿ ಎಂದು ಮಕ್ಕಳಿಗೆ ಕೇಳಿದ್ದರೆ ಅವು ಆನೆ ಲಾಯ ನೋಡಿದ ಐದನೆಯ ನಿಮಿಷಕ್ಕೆ ಉತ್ತರ ಕೊಡುತ್ತಿದ್ದವು.

ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಬರೋಣ. 50 ರೂಪಾಯಿ ನೋಟಿನ ಹಿಂಬದಿಯಲ್ಲಿದೆ, ಯಾರಿಗೂ ಪರಿಚಯ ಬೇಡ. ಬೇಕಾಗಿರುವುದೇ ಪರಿಚಯ. ಅದು ರಥವಲ್ಲ, ರಥದ ರೂಪದ ಗರುಡನ ಗುಡಿ. ಇಂದು ಕಾಣುವ ಬೋಳುತಲೆಯೂ ಮೂಲದ್ದಲ್ಲ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ನಿಂತಿದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಮುಂದಿರುವ ಆನೆಗಳೂ ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಸರಿದು ನೋಡಿದರೆ ಮೊದಲಿದ್ದ ಕುದುರೆಗಳ ಬಾಲ, ಹಿಂಗಾಲುಗಳ ಉಳಿಕೆ ಈಗಲೂ ಕಾಣುತ್ತದೆ. ಒಂದು ಪತ್ತೇದಾರಿ ಕತೆಗೆ ಬೇಕಾದುದೆಲ್ಲ ಹತ್ತಡಿಯೊಳಗಿದೆ. ಗ್ರೀನ್‌ಲಾ ಚಿತ್ರವನ್ನು ಅವನು ನಿಂತ ಜಾಗದಲ್ಲೇ ಒಂದು ಓರೆ ಫಲಕದ ಮೇಲೆ ಇಟ್ಟರೆ ಸಾಕು. ಆ ಜಾಗ ಹುಡುಕುವ ಕಷ್ಟವೂ ಇಲ್ಲ, 1980ರ ದಶಕದಲ್ಲೇ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅಲ್ಲೇ ನಿಂತು ಅದೇ ಚೌಕಟ್ಟಿನಲ್ಲಿ ಹಂಪಿಯ ಚಿತ್ರಗಳನ್ನು ಮತ್ತೆ ತೆಗೆದಿದ್ದಾರೆ. ನಾವು ಅಲ್ಲಿ ಇಟ್ಟದ್ದು ಸರಪಳಿ. ಜನ ನೋಟು ಹಿಡಿದು ಸೆಲ್ಫಿ ತೆಗೆದುಕೊಂಡು, ಚಕ್ರ ಮೊದಲು ತಿರುಗುತ್ತಿತ್ತಂತೆ ಎಂದು ಮಾತಾಡಿಕೊಂಡು, ಸಪ್ತಸ್ವರದ ಕಂಬ ಎಲ್ಲಿ, ಬಡಿಯಬಹುದಾ ಎಂದು ಹುಡುಕುತ್ತ ಹೋಗುತ್ತಾರೆ.

ಅಲ್ಲಿಗೆ ಬರುವ ದಾರಿಯೂ ಸೊಗಸು. ಗೆಜ್ಜಲ ಮಂಟಪದ ಹತ್ತಿರ ಬ್ಯಾಟರಿ ಗಾಡಿ ಹತ್ತಿಸುತ್ತಾರೆ. ಹೊಗೆಯಿಲ್ಲ, ಒಳ್ಳೆಯದೇ. ಆದರೆ ಆ ಸುಮಾರು ಒಂದು ಕಿಲೋಮೀಟರಿನಲ್ಲಿ ನೀವು ಕುದುರೆಗೊಂಬೆ ಮಂಟಪ ದಾಟುತ್ತೀರಿ, ಪುಷ್ಕರಣಿ ದಾಟುತ್ತೀರಿ, ಎರಡೂ ಬದಿ ಕಂಬಸಾಲಿನ ಒಂದು ಇಡೀ ಪೇಟೆಬೀದಿ ದಾಟುತ್ತೀರಿ. ಯಾರೂ ಹೇಳುವುದಿಲ್ಲ. ಗಾಡಿ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಜನ ಸಾಲಿನಲ್ಲಿ ನಿಂತು, ಸಿಕ್ಕ ಮೇಲೆ ಫೋನು ನೋಡುತ್ತ, 40 ರೂಪಾಯಿ ಟಿಕೆಟ್ಟಿನ ಅರ್ಧ ಸಾಮ್ರಾಜ್ಯವನ್ನು ಪುಕ್ಕಟೆಯಾಗಿ ಕಳೆದುಕೊಳ್ಳುತ್ತಾರೆ.

ಹಂಪಿ ಉತ್ಸವದ ದಿನಗಳಲ್ಲಿ ಮಾತ್ರ ಊರು ಬೆಳಗುತ್ತದೆ. ರಾಜಕಾರಣಿ ಎಂ.ಪಿ. ಪ್ರಕಾಶ್ ಶುರು ಮಾಡಿದಾಗ ಅದರಲ್ಲಿ ಒಂದು ಆಲೋಚನೆ ಇತ್ತು. ಈಗ ಅದು ವೇದಿಕೆಯ ಮೇಲೆ ಹಾರ, ಶಾಲು, ಸೀರಿಯಲ್ ತಾರೆಯರು, ಬಂಡೆಗಳನ್ನು ನಡುಗಿಸುವ ಸ್ಪೀಕರು. ಬಂಡೆಗೆ ನೇರಳೆ ದೀಪ ಬಿಟ್ಟರೆ ಇತಿಹಾಸ ತಿಳಿಯುತ್ತದೆ ಎಂಬ ಸಿದ್ಧಾಂತವನ್ನು ಯಾವ ವಿಶ್ವವಿದ್ಯಾಲಯ ಮಂಡಿಸಿತೋ.

ಆದರೆ ಪ್ರದರ್ಶನಕಲೆಯ ಶಿಖರ ಇದಾವುದೂ ಅಲ್ಲ. ಅದು ವಿರೂಪಾಕ್ಷನ ಮುಂದಿನ ಬಜಾರು. ಸಾಲುಮಂಟಪಗಳಲ್ಲಿ ಜನ ಗೋಡೆ ಕಟ್ಟಿಕೊಂಡು ಬದುಕುತ್ತಿದ್ದರು, ಇಡ್ಲಿ, ಹೂವು, ಬಾಡಿಗೆ ಸೈಕಲ್ಲು ಮಾರುತ್ತಿದ್ದರು. ಗಲೀಜಿತ್ತು, ಒತ್ತುವರಿಯಿತ್ತು, ಕಂಬಕ್ಕೆ ಮೊಳೆ ಹೊಡೆದಿದ್ದರು, ಎಲ್ಲವೂ ನಿಜ. 2011ರ ಜುಲೈಯಲ್ಲಿ ಜೆಸಿಬಿ ಬಂತು. ಒಂದು ದಿನದ ನೋಟಿಸು ಎನ್ನುವುದೂ ಹೆಚ್ಚಾದೀತು. ಪೇಸ್ ಕಂಡ ಬಜಾರಿನ ವೈಭವವನ್ನು ಪ್ರವಾಸಿಗರಿಗೆ ತೋರಿಸುವ ಸಲುವಾಗಿ, ಆ ಬೀದಿಯಲ್ಲಿ ಕೊಡುಕೊಳ್ಳುವ ಕೆಲಸ ಮಾಡುತ್ತಿದ್ದ ಕೊನೆಯ ಮನುಷ್ಯನನ್ನೂ ಖಾಲಿ ಮಾಡಿಸಲಾಯಿತು. ಅವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು, ಗಿರಾಕಿ ಇರುವ ಬೀದಿಯಿಂದ ಕಿಲೋಮೀಟರುಗಟ್ಟಲೆ ಆಚೆ. ಪರಿಹಾರ, ಪಟ್ಟಾ, ನೀರು ಎಂದು ವರ್ಷಗಟ್ಟಲೆ ಅಲೆದರು.

ಇಲ್ಲಿ ನಗು ಬರುವುದಿಲ್ಲ. ಅಲ್ಲಿದ್ದವರಿಗೆ ಯಾವ ಕಂಬ ಯಾವ ಮಳೆಗೆ ಸೋರುತ್ತದೆ ಎಂದು ಗೊತ್ತಿತ್ತು. ಮೇಲ್ಛಾವಣಿಯ ಗಾರೆ ಬಿರಿದರೆ ನೀರು ಚಪ್ಪಡಿಯ ಸಂದಿಯಿಂದ ಇಳಿದು ತಳಪಾಯದೊಳಗಿನ ಮಣ್ಣನ್ನು ತೊಳೆಯುತ್ತದೆ. ಮಣ್ಣು ಹೋದರೆ ಕಂಬ ವಾಲುತ್ತದೆ, ಕಂಬ ವಾಲಿದರೆ ತೊಲೆ ಜಾರುತ್ತದೆ. 2024ರ ಮೇ ತಿಂಗಳ ಮಳೆಗೆ ಅದೇ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಜನರಿಂದ ಕಾಪಾಡುತ್ತೇವೆ ಎಂದು ಖಾಲಿ ಮಾಡಿಸಿದವರು ಹದಿಮೂರು ವರ್ಷ ಏನು ಕಾಪಾಡಿದರು? ಛಾವಣಿಗೆ ಸುಣ್ಣದ ಗಾರೆ ಹಾಕಲು, ಮಳೆನೀರಿಗೊಂದು ಚರಂಡಿ ತೆಗೆಯಲು ಎಷ್ಟು ಕಡತ ಬೇಕು? ಅಲ್ಲೇ ಹುಟ್ಟಿ ಬೆಳೆದವರಲ್ಲಿ ಹತ್ತು ಜನಕ್ಕೆ ಸಂಬಳ ಕೊಟ್ಟು, ಮಳೆ ಬಂದಾಗಲೆಲ್ಲ ಕಂಬದ ಬುಡ ನೋಡಿ ಬನ್ನಿ ಎಂದಿದ್ದರೆ ಆಗುತ್ತಿತ್ತು. ಅವರನ್ನು ಕೇಳಲಿಲ್ಲ. ಯಾರೂ ಯಾವತ್ತೂ ಅವರನ್ನು ಏನೂ ಕೇಳಲಿಲ್ಲ.

ಉಳಿದದ್ದು ಕಾಲುವೆಗಳು. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ. ಹಂಪಿಯ 1,600ಕ್ಕೂ ಹೆಚ್ಚು ಅವಶೇಷಗಳ ನಡುವೆ ಅರಸರು ಕಟ್ಟಿಸಿದ ಉದ್ದೇಶಕ್ಕೇ ಇವತ್ತಿಗೂ ದುಡಿಯುತ್ತಿರುವ ಕೆಲವೇ ಕೆಲವುಗಳಲ್ಲಿ ಇವೂ ಇವೆ. ಐನೂರು ವರ್ಷ ದಾಟಿದರೂ ಬಾಳೆ, ಭತ್ತ, ಕಬ್ಬಿಗೆ ನೀರು ಹಾಯಿಸುತ್ತಿವೆ. ಕೆಲವು ಕಡೆ ಆಧುನೀಕರಣವೆಂದು ಕಲ್ಲುಕಟ್ಟಡದ ಮೇಲೆ ಕಾಂಕ್ರೀಟು ಬಳಿದದ್ದೂ ಆಯಿತು. ತೂಬು ಯಾವಾಗ ಎತ್ತಬೇಕು, ಹೂಳು ಯಾವ ತಿಂಗಳು ತೆಗೆಯಬೇಕು, ಬಾಲಭಾಗದ ಗದ್ದೆಗೆ ಸರದಿ ಹೇಗೆ ಎಂದು ಹೇಳಬಲ್ಲ ರೈತರು ಕಮಲಾಪುರದಲ್ಲಿ ಬೇಕಾದಷ್ಟಿದ್ದಾರೆ. ಒಂದು ಗಂಟೆ ಅವರ ಜೊತೆ ಏರಿಯ ಮೇಲೆ ನಡೆದರೆ ವಿಜಯನಗರ ಅಷ್ಟು ಜನಕ್ಕೆ ಹೇಗೆ ಅನ್ನ ಹಾಕಿತೆಂದು ತಿಳಿಯುತ್ತದೆ, ಅವರ ಮನೆಗೂ ನಾಲ್ಕು ಕಾಸು ಬರುತ್ತದೆ. ಆ ಕಾಲುವೆಗಳ ಪಕ್ಕ ಫಲಕವಿಲ್ಲ, ದೀಪವಿಲ್ಲ, ಸೆಲ್ಫಿ ಪಾಯಿಂಟಿಲ್ಲ, ಗ್ರಾನೈಟಿಲ್ಲ. ದಯವಿಟ್ಟು ಯಾರೂ ಇಲಾಖೆಗೆ ಹೇಳಬೇಡಿ.