ಕಂಚಿಯ ಕಂಬ, ಪಟ್ಟದಕಲ್ಲಿನ ಗೋಡೆ

ಚೆನ್ನೈಯಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ, ಹಳೆಯ ಗುಡಿಗಳನ್ನು ನೋಡುವ ರೀತಿಯಲ್ಲಿ ಇಲ್ಲಿನ ಆಸಕ್ತರಿಗೂ ನಮ್ಮ ಕಡೆಯವರಿಗೂ ಇರುವ ವ್ಯತ್ಯಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನನ್ನ ಪರಿಚಯದ ಒಂದು ಗುಂಪಿನಲ್ಲಿ ಬ್ಯಾಂಕ್ ನೌಕರರು, ನಿವೃತ್ತ ಎಂಜಿನಿಯರುಗಳು, ಗೃಹಿಣಿಯರು ಇದ್ದಾರೆ; ಇತಿಹಾಸವನ್ನು ಪದವಿಗಾಗಿ ಓದಿದವರು ಅವರಲ್ಲಿ ಯಾರೂ ಇಲ್ಲ. ಆದರೂ ಅವರು ಪಲ್ಲವರ ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತಾರೆ. ಮೊದಲು ಮಂಡಗಪಟ್ಟು: ಇಟ್ಟಿಗೆ, ಮರ, ಲೋಹ, ಗಾರೆ ಇವು ಯಾವುವೂ ಇಲ್ಲದೆ ಈ ಗುಡಿಯನ್ನು ಮಾಡಿಸಿದೆನೆಂದು ಒಂದನೆಯ ಮಹೇಂದ್ರವರ್ಮ ಶಾಸನದಲ್ಲಿ ಹೇಳಿಕೊಂಡಿರುವ ಗುಹಾಲಯ. ಆಮೇಲೆ ಬಂಡೆಯನ್ನೇ ಕಡಿದು ಮಾಡಿದ ಮಾಮಲ್ಲಪುರದ, ರಥಗಳೆಂದು ಕರೆಯುವ ಗುಡಿಗಳು. ಅದಾದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಕಡಲತೀರದ ಗುಡಿ ಮತ್ತು ಕಂಚಿಯ ಕೈಲಾಸನಾಥ. ಸುಮಾರು ನೂರು ವರ್ಷಗಳಲ್ಲಿ ಒಂದು ನಾಡಿನ ಶಿಲ್ಪಿಗಳು ಗುಹೆಯಿಂದ ವಿಮಾನದವರೆಗೆ, ಅಂದರೆ ಗರ್ಭಗುಡಿಯ ಮೇಲೆ ಹಂತಹಂತವಾಗಿ ಏರುವ ಶಿಖರದವರೆಗೆ, ಹೇಗೆ ನಡೆದುಬಂದರೆಂಬುದು, ಹೀಗೆ ನೋಡಿದವರಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ.

ನಮ್ಮಲ್ಲಿ ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡುಗಳನ್ನು ಒಂದೇ ದಿನದಲ್ಲಿ ಮುಗಿಸುವುದು. ಬೇಲೂರಿನಲ್ಲಿ ಮಕ್ಕಳು ದರ್ಪಣಸುಂದರಿಯನ್ನು ನೋಡಿ, ಜಕಣಾಚಾರಿಯ ಕಥೆ ಕೇಳಿ, ಬಸ್ಸು ಹತ್ತುತ್ತಾರೆ. ಕಥೆ ಇರಲಿ, ಅದಕ್ಕೆ ಅದರದೇ ಚೆಲುವಿದೆ. ಆದರೆ ಆ ಕಥೆಯ ನೆರಳಿನಲ್ಲಿ, ನಿಜವಾಗಿ ಉಳಿ ಹಿಡಿದು ತಮ್ಮ ಹೆಸರನ್ನೂ ಕಲ್ಲಿನ ಮೇಲೆ ಬರೆದಿಟ್ಟು ಹೋದವರು ಮರೆಯಾಗುತ್ತಾರೆಂಬುದು ನನಗೆ ನಿಜವಾದ ನೋವು. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1258ರ ಸೋಮನಾಥಪುರದಲ್ಲಿ ಮೂರ್ತಿಯಿಂದ ಮೂರ್ತಿಗೆ ಸಿಗುವ ಮಲ್ಲಿತಮ್ಮನ ಹೆಸರು. ಎಂಟು ಶತಮಾನಗಳ ಹಿಂದಿನ ಕಲಾವಿದರು ಹೀಗೆ ಹೆಸರು ಹಿಡಿದು ಸಿಗುವುದು ಭಾರತದಲ್ಲಿ ಅಪರೂಪ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ; ಹೊಯ್ಸಳ ಶಿಲ್ಪದ ಅಷ್ಟು ನವುರಾದ ಕೆತ್ತನೆಗೆ ಆ ಕಲ್ಲೂ ಒಂದು ಕಾರಣ. ಇಷ್ಟನ್ನು ತಿಳಿದ ಮಗು ಮದನಿಕೆಯ ಮುಂದೆ ನಿಂತಾಗ, 'ಎಷ್ಟು ಚೆನ್ನಾಗಿದೆ' ಎಂಬಲ್ಲಿಗೆ ನಿಲ್ಲದೆ, 'ಇದನ್ನು ಮಾಡಿದವರು ಯಾರು, ಹೇಗೆ ಮಾಡಿದರು' ಎಂದು ಕೇಳುತ್ತದೆ.

ಹಾಗೆಂದು ಚೆನ್ನೈಯ ರೀತಿಯೇ ಸಂಪೂರ್ಣವೆಂದು ನಾನು ಹೇಳಲಾರೆ. ಕಂಚಿಯ ಕೈಲಾಸನಾಥವನ್ನೇ ನೋಡೋಣ. ಎಂಟನೆಯ ಶತಮಾನದ ಆರಂಭದಲ್ಲಿ ರಾಜಸಿಂಹ ಪಲ್ಲವ ಕಟ್ಟಿಸಿದ ಈ ಗುಡಿಯ ಸುತ್ತುಗೋಡೆಯ ಒಳಮೈಯಲ್ಲಿ 58 ಪುಟ್ಟ ಗುಡಿಗಳು ಸಾಲಾಗಿವೆ. ಕೆಲವುಗಳ ಗೋಡೆಯಲ್ಲಿ ಗಾರೆಯ ಮೇಲಿನ ಹಳೆಯ ಬಣ್ಣದ ಚೂರುಗಳು ಇನ್ನೂ ಅಂಟಿಕೊಂಡಿವೆ, ಮುಂಗಾಲೆತ್ತಿ ನಿಂತ ಸಿಂಹಗಳು ಕಂಬಗಳನ್ನು ಹೊತ್ತಿವೆ. ಇದನ್ನೆಲ್ಲ ಇಲ್ಲಿನವರು ಬೆರಳಿಟ್ಟು ತೋರಿಸುತ್ತಾರೆ. ಆದರೆ ಮುಂದಿನ ಮಂಟಪದ ಕಂಬವೊಂದರ ಮೇಲೆ ಹಳಗನ್ನಡದ ಶಾಸನವೊಂದಿದೆ. ಕಂಚಿಯನ್ನು ಗೆದ್ದು ಒಳಬಂದ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ರಾಜಸಿಂಹೇಶ್ವರದ, ಅಂದರೆ ಇದೇ ಗುಡಿಯ, ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಗೆದ್ದ ಅರಸ ಸೋತವರ ಗುಡಿಯಲ್ಲಿ ತನ್ನ ನುಡಿಯಲ್ಲಿ ಬರೆಸಿದ ಈ ಮಾತಿನ ಮುಂದೆ ನಮ್ಮ ಗುಂಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರ ಓದು ಪಲ್ಲವರ ಎಲ್ಲೆಯೊಳಗೇ ಮುಗಿದುಬಿಡುತ್ತದೆ. ಸುಮಾರು ನೂರು ವರ್ಷ ಮೊದಲು ಬಾದಾಮಿಯನ್ನು ಹಿಡಿದ ನರಸಿಂಹವರ್ಮ ಪಲ್ಲವನು ಅಲ್ಲಿನ ಬಂಡೆಯ ಮೇಲೆ ಬರೆಸಿದ ಶಾಸನಕ್ಕೆ ನಮ್ಮ ಪ್ರವಾಸಿಗಳು ಕೊಡುವ ಗಮನವೂ ಅಷ್ಟೇ.

ಎಲ್ಲೆ ದಾಟಿ ನೋಡಿದರೆ ಏನು ಸಿಗುತ್ತದೆಂಬುದಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಂಥ ಉದಾಹರಣೆ ಇನ್ನೊಂದಿಲ್ಲ. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪತಿಯ ಕಂಚಿ ವಿಜಯದ ನೆನಪಿಗೆ ಇದನ್ನು ಕಟ್ಟಿಸಿದಳು. ಇದನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದುದನ್ನು ಅಲ್ಲಿನ ಶಾಸನ ತಿಳಿಸುತ್ತದೆ, ಇನ್ನೊಬ್ಬ ಶಿಲ್ಪಿ ಸರ್ವಸಿದ್ಧಿ ಆಚಾರಿಯ ಹೆಸರೂ ಅದೇ ಗುಡಿಯಲ್ಲಿದೆ. ಇದು ಕೈಲಾಸನಾಥದ ನಕಲೆಂದು ಇಲ್ಲಿ ಹಲವರು ಸಲೀಸಾಗಿ ಹೇಳುತ್ತಾರೆ. ಹೋಲಿಕೆ ಇರುವುದು ನಿಜ: ಎರಡೂ ಮರಳುಗಲ್ಲಿನವು, ಎರಡಕ್ಕೂ ದ್ರಾವಿಡ ವಿಮಾನವಿದೆ, ಎರಡರ ಸುತ್ತಲೂ ಪುಟ್ಟ ಗುಡಿಗಳನ್ನು ಪೋಣಿಸಿದ ಪ್ರಾಕಾರವಿದೆ. ಆದರೆ ವಿರೂಪಾಕ್ಷದ ಹತ್ತಿರದಲ್ಲೇ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಕಟ್ಟಿಸಿದ ಸಂಗಮೇಶ್ವರ ನಿಂತಿದೆ. ಬಾದಾಮಿಯ ಗುಡ್ಡದ ಮೇಲೆ ಏಳನೆಯ ಶತಮಾನದ ಮಾಲೆಗಿತ್ತಿ ಶಿವಾಲಯವಿದೆ. ಎರಡೂ ಈ ಕಂಚಿ ವಿಜಯಕ್ಕಿಂತ ಹಿಂದಿನವು, ಎರಡೂ ದ್ರಾವಿಡ ಶೈಲಿಯವು. ಕಂಚಿಯನ್ನು ಕಂಡು ಬಂದ ಮೇಲೆ ಕಟ್ಟಿಸಿದಾಗಲೂ ಚಾಲುಕ್ಯ ಶಿಲ್ಪಿಗಳು ಕಂಚಿಯಲ್ಲಿ ಇಲ್ಲದ ಶುಕನಾಸಿಯನ್ನು, ಅಂದರೆ ಮೂಗಿನಂತೆ ಮುಂಚಾಚಿದ ಭಾಗವನ್ನು, ಶಿಖರದ ಮುಂದೆ ನಿಲ್ಲಿಸಿದರು. ವಿಶಾಲವಾದ ಸಭಾಮಂಟಪಕ್ಕೆ ಮೂರು ದಿಕ್ಕಿನಲ್ಲಿ ಮುಖಮಂಟಪಗಳನ್ನು ಕೂಡಿಸಿ, ಜಾಲಂಧ್ರಗಳೆಂಬ ಕಲ್ಲಿನ ಜಾಲರಿ ಕಿಟಕಿಗಳಿಂದ ಬೆಳಕನ್ನು ಸೋಸಿ ಒಳಗೆ ಬಿಟ್ಟರು. ಕಂಚಿಯ ಗರ್ಭಗುಡಿಯ ಸುತ್ತ ತೆವಳಿಕೊಂಡು ದಾಟಬೇಕಾದ ಇಕ್ಕಟ್ಟಾದ ದಾರಿಗೂ, ಇಲ್ಲಿ ನೆಟ್ಟಗೆ ನಡೆದು ಬರಬಹುದಾದ ಪ್ರದಕ್ಷಿಣಾಪಥಕ್ಕೂ ಇರುವ ಅಂತರವನ್ನು ಎರಡೂ ಕಡೆ ಹೋದವರ ಮೈಯೇ ಗುರುತಿಸುತ್ತದೆ. ಪಕ್ಕದ ನಾಡಿನ ಒಳ್ಳೆಯದನ್ನು ಕಣ್ಣಾರೆ ಕಂಡು ಮೆಚ್ಚಿ, ತಮಗೆ ಬೇಕಾದಷ್ಟನ್ನೇ ತೆಗೆದುಕೊಂಡು, ತಮ್ಮದನ್ನು ಬಿಡದೆ ಕಟ್ಟಿದವರ ಕೆಲಸವಿದು. ನಕಲೆಂದು ಕರೆಯುವುದೂ ತಪ್ಪು, ತಮಿಳು ನೆಲದ ಋಣವೇ ಇಲ್ಲವೆಂದು ನಮ್ಮವರು ಹಟ ಹಿಡಿಯುವುದೂ ತಪ್ಪು.

ಆದ್ದರಿಂದ ನಮ್ಮ ಶಾಲೆಗಳು ಪ್ರವಾಸದ ಪಟ್ಟಿಯಲ್ಲಿ ಒಂದೆರಡು ಊರುಗಳನ್ನು ಕಡಿಮೆ ಮಾಡಿ, ಪಟ್ಟದಕಲ್ಲಿಗೆ ಒಂದು ಪೂರ್ತಿ ದಿನ ಕೊಡಲಿ ಎಂಬುದು ನನ್ನ ಬೇಡಿಕೆ. ಮಕ್ಕಳು ಬೆಳಿಗ್ಗೆ ಸಂಗಮೇಶ್ವರವನ್ನು, ಆಮೇಲೆ ವಿರೂಪಾಕ್ಷವನ್ನು ಕಟ್ಟಿದ ಕ್ರಮದಲ್ಲೇ ನೋಡಲಿ. ಕೈಯಲ್ಲಿ ಕೈಲಾಸನಾಥದ ಒಂದು ಚಿತ್ರವಿರಲಿ. ಇದರಲ್ಲಿದ್ದು ಅದರಲ್ಲಿಲ್ಲದ್ದು ಯಾವುದು ಎಂಬುದನ್ನು ಅವರೇ ಹುಡುಕಿ ಬರೆದುಕೊಳ್ಳಲಿ. ಚೆನ್ನೈ ಕನ್ನಡಿಗರಾದ ನಾವು ಇದನ್ನೇ ಕಂಚಿಯಿಂದ ಆರಂಭಿಸಬಹುದು: ಇಲ್ಲಿನ ಗೆಳೆಯರನ್ನು ಆ ಕಂಬದ ಬಳಿಗೆ ಕರೆದೊಯ್ದು, ಶಾಸನದ ಸಾಲುಗಳನ್ನು ಗಟ್ಟಿಯಾಗಿ ಓದಿ, ತಮಿಳಿನಲ್ಲಿ ಅರ್ಥ ಹೇಳುವುದು ನಮ್ಮಿಂದ ಆಗುವ ಕೆಲಸ.